ಅನಿಮೆಯ ಕಥಾಸ್ಥಳಗಳು: ಜಪಾನಿಗೆ ಹೊರಡುವವರಿಗೊಂದು ಮಾರ್ಗದರ್ಶಿ

ಜಪಾನಿನಲ್ಲಿ ಚಿತ್ರ ಬಿಡಿಸಿ ತಯಾರಿಸುವ ಚಲನಚಿತ್ರ ಹಾಗೂ ಧಾರಾವಾಹಿಗಳನ್ನು ಒಟ್ಟಾಗಿ ಅನಿಮೆ ಎಂದು ಕರೆಯಲಾಗುತ್ತದೆ. ಈ ಕೃತಿಗಳ ಪಾತ್ರಗಳು ಎಷ್ಟೇ ಕಾಲ್ಪನಿಕವಾಗಿದ್ದರೂ ಅವು ಓಡಾಡುವ ಬೀದಿ, ಇಳಿಯುವ ರೈಲು ನಿಲ್ದಾಣ, ಕೈಮುಗಿಯುವ ದೇಗುಲಗಳು ಅನೇಕ ಬಾರಿ ನಿಜವಾಗಿ ಇರುವಂಥವು. ನಿರ್ದೇಶಕರೂ ಹಿನ್ನೆಲೆ ಚಿತ್ರ ಬಿಡಿಸುವ ಕಲಾವಿದರೂ ಕಥೆಗೆ ಒಪ್ಪುವ ಊರನ್ನು ಹುಡುಕಿ, ಅಲ್ಲಿ ಸುತ್ತಾಡಿ ಛಾಯಾಚಿತ್ರಗಳನ್ನು ತೆಗೆದು, ವಿದ್ಯುತ್ ಕಂಬದ ತಂತಿ, ಪಾನೀಯ ಮಾರುವ ಯಂತ್ರ, ಮೆಟ್ಟಿಲ ಬದಿಯ ಕಂಬಿಗಳವರೆಗೆ ಎಲ್ಲವನ್ನೂ ತೆರೆಯ ಮೇಲೆ ಮರಳಿ ಕಟ್ಟುತ್ತಾರೆ. ಅಂಥ ಸ್ಥಳಗಳನ್ನು ಗುರುತಿಸಿ ಹೋಗಿಬರುವ ಅಭ್ಯಾಸಕ್ಕೆ ಜಪಾನಿನ ಅಭಿಮಾನಿಗಳು ಇಟ್ಟುಕೊಂಡಿರುವ ಹೆಸರು ‘ಸೆಯಿಚಿ ಜುನ್‌ರೆಯಿ’, ಅಂದರೆ ಪುಣ್ಯಕ್ಷೇತ್ರಗಳ ಯಾತ್ರೆ. ಮೊದಲು ಅಭಿಮಾನಿಗಳ ವಲಯದಲ್ಲಷ್ಟೇ ಚಲಾವಣೆಯಲ್ಲಿದ್ದ ಈ ಮಾತು 2016ರಲ್ಲಿ ಜಪಾನಿನ ವರ್ಷದ ಜನಪ್ರಿಯ ಪದಗಳ ಮೊದಲ ಹತ್ತರಲ್ಲಿ ಸೇರಿತು. ಅದೇ ವರ್ಷ ಸ್ಥಾಪನೆಯಾದ ಅನಿಮೆ ಪ್ರವಾಸೋದ್ಯಮ ಸಂಘವು ಶಿಕೊಕು ದ್ವೀಪದ 88 ಬೌದ್ಧ ಮಂದಿರಗಳ ಹಳೆಯ ಯಾತ್ರೆಯನ್ನು ಮಾದರಿಯಾಗಿಟ್ಟುಕೊಂಡು 88 ಅನಿಮೆ ಕ್ಷೇತ್ರಗಳ ಪಟ್ಟಿಯನ್ನು ಪ್ರಕಟಿಸುವ ಕೆಲಸಕ್ಕೆ ಕೈಹಾಕಿತು. ಈ ಪಟ್ಟಿ ಹೊಸಬರಿಗೆ ಒಳ್ಳೆಯ ಆರಂಭವೇ ಹೌದಾದರೂ, ಅದರಲ್ಲಿ ಕಥೆ ನಡೆದ ಊರುಗಳ ಜೊತೆಗೆ ಸಂಗ್ರಹಾಲಯಗಳಂಥ ತಾಣಗಳೂ ಬೆರೆತಿರುವುದರಿಂದ, ಅದನ್ನೊಂದೇ ನೆಚ್ಚಿ ಪ್ರವಾಸ ಹೂಡುವುದು ಜಾಣತನವಲ್ಲ.

ಕಥೆಯ ನೆಲವನ್ನು ಹುಡುಕಿಕೊಂಡು ಹೋಗುವ ಹಂಬಲ ಅನಿಮೆಯೊಂದಿಗೆ ಹುಟ್ಟಿದ್ದಲ್ಲ. ಹಳೆಯ ಜಪಾನೀ ಕಾವ್ಯದಲ್ಲಿ ಮತ್ತೆ ಮತ್ತೆ ಬಂದು ಕವಿಸಮಯವೇ ಆಗಿಬಿಟ್ಟ ಸ್ಥಳನಾಮಗಳನ್ನು ‘ಉತಾಮಕುರಾ’ ಎನ್ನುತ್ತಾರೆ. 1689ರಲ್ಲಿ ಕವಿ ಬಾಶೊ ಉತ್ತರ ದಿಕ್ಕಿಗೆ ಕೈಗೊಂಡ ಪ್ರಸಿದ್ಧ ನಡಿಗೆಯ ಉದ್ದೇಶಗಳಲ್ಲಿ ಅಂಥ ಸ್ಥಳಗಳನ್ನು ಕಣ್ಣಾರೆ ಕಾಣುವುದೂ ಒಂದಾಗಿತ್ತು. ಕನ್ನಡ ಓದುಗರಿಗೆ ಇದು ಅಪರಿಚಿತ ಭಾವವೇನೂ ಅಲ್ಲ. ಆರ್. ಕೆ. ನಾರಾಯಣರ ಮಾಲ್ಗುಡಿ ನಕಾಶೆಯಲ್ಲಿಲ್ಲದ ಊರಾದರೂ, ಶಂಕರ್ ನಾಗ್ ನಿರ್ದೇಶಿಸಿದ ಧಾರಾವಾಹಿಯ ಚಿತ್ರೀಕರಣ ನಡೆದ ಆಗುಂಬೆಯ ದೊಡ್ಡಮನೆಯನ್ನು ನೋಡಲು ಜನ ಇಂದಿಗೂ ಹೋಗುತ್ತಾರೆ, ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣದ ಹಳೆಯ ಕಟ್ಟಡ ಮಾಲ್ಗುಡಿ ಸಂಗ್ರಹಾಲಯವಾಗಿದೆ. ಆದರೆ ಅಲ್ಲಿ ನಿಂತಿದ್ದದ್ದು ಕ್ಯಾಮೆರಾ. ಅನಿಮೆಯಲ್ಲಾದರೋ ಕೈಯಿಂದ ಬರೆದ ಚಿತ್ರ ನೆಲದ ಒಂದು ಅಂಶವನ್ನು ಉಳಿಸಿಕೊಂಡು ಇನ್ನೊಂದನ್ನು ಕೈಬಿಡಬಲ್ಲದು. ಪ್ರವಾಸಿಗರು ಟಿಕೆಟ್ ಕೊಳ್ಳುವ ಮೊದಲು ಯೋಚಿಸಬೇಕಾದ ಮೊದಲ ಸಂಗತಿ ಇದೇ.

ಚಿತ್ರಕ್ಕೂ ಸ್ಥಳಕ್ಕೂ ಇರುವ ನಂಟು ಎಲ್ಲೆಡೆ ಒಂದೇ ಬಗೆಯದಲ್ಲ. ಕೆಲವೆಡೆ ಕಟ್ಟಡವೊಂದು ಕಿಟಕಿಗಳ ಲೆಕ್ಕವೂ ತಪ್ಪದಂತೆ ತೆರೆಗೆ ಬಂದಿರುತ್ತದೆ. ಕೆಲವೆಡೆ ಹಲವು ಊರುಗಳ ಚೂರುಗಳನ್ನು ಜೋಡಿಸಿ ಹೊಸದೊಂದು ಊರನ್ನು ಕಟ್ಟಿರುತ್ತಾರೆ. ಇನ್ನು ಕೆಲವೆಡೆ ನಂಟು ಇರುವುದು ನೋಡುಗರ ಊಹೆಯಲ್ಲಿ ಮಾತ್ರ. ಮೂರನೆಯ ಬಗೆಗೆ ಪ್ರಸಿದ್ಧ ಉದಾಹರಣೆ ತೈವಾನಿನ ಜಿಯುಫೆನ್ ಎಂಬ ಗುಡ್ಡದ ಊರು. ಹಯಾವೊ ಮಿಯಾಝಾಕಿಯವರ ‘ಸ್ಪಿರಿಟೆಡ್ ಅವೇ’ ಚಿತ್ರದ ಪೇಟೆಗೆ ಅದೇ ಮಾದರಿ ಎಂಬ ಮಾತು ಪ್ರವಾಸಿ ಕೈಪಿಡಿಗಳಲ್ಲಿ ಹರಿದಾಡುತ್ತಿದ್ದರೂ ನಿರ್ದೇಶಕರು ಅದನ್ನು ಅಲ್ಲಗಳೆದಿದ್ದಾರೆ. ಆ ಚಿತ್ರದ ನಿಜವಾದ ಮೂಲಗಳಲ್ಲೊಂದನ್ನು ನೋಡಬಯಸುವವರು ಟೋಕಿಯೊ ನಗರದ ಪಶ್ಚಿಮಕ್ಕಿರುವ ಕೊಗಾನೆಯಿಯ ಎದೊ–ಟೋಕಿಯೊ ಬಯಲು ವಾಸ್ತುಶಿಲ್ಪ ಸಂಗ್ರಹಾಲಯಕ್ಕೆ ಹೋಗುವುದು ಲೇಸು. ಬೇರೆ ಬೇರೆ ಕಡೆಯಿಂದ ಬಿಚ್ಚಿ ತಂದು ಮರುಜೋಡಿಸಿದ ಹಳೆಯ ಕಟ್ಟಡಗಳ ಆ ಆವರಣದಲ್ಲಿ, ಸೂರಿನವರೆಗೂ ಪುಟ್ಟ ಪುಟ್ಟ ಮರದ ಸೆಳೆಖಾನೆಗಳಿಂದ ತುಂಬಿದ ಒಂದು ಲೇಖನ ಸಾಮಗ್ರಿ ಅಂಗಡಿಯಿದ್ದು, ಚಿತ್ರದ ಬಾಯ್ಲರ್ ಕೋಣೆಯಲ್ಲಿ ಆರು ತೋಳಿನ ಮುದುಕ ಕೈಚಾಚಿ ತೆರೆಯುವ ಔಷಧಿ ಗೂಡುಗಳ ಮೂಲ ಅಲ್ಲಿದೆ.

ಎರಡನೆಯ ಬಗೆ, ಅಂದರೆ ಚೂರುಗಳ ಜೋಡಣೆಗೆ ಮಕೊತೊ ಶಿಂಕಾಯಿ ಅವರ 2016ರ ‘ಯುವರ್ ನೇಮ್’ ಚಿತ್ರಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಕಥೆಯ ಒಂದು ತುದಿ ಟೋಕಿಯೊದಲ್ಲಿದೆ, ಇನ್ನೊಂದು ತುದಿ ಹಿದಾ ಎಂಬ ಬೆಟ್ಟದ ಸೀಮೆಯ ಇತೊಮೊರಿಯಲ್ಲಿದೆ. ಇತೊಮೊರಿ ಪೂರ್ತಿ ಕಲ್ಪಿತ ಊರು, ಅದರ ದುಂಡನೆಯ ಸರೋವರವೂ ಹಾಗೆಯೇ. ನಾಗಾನೊ ಪ್ರಾಂತ್ಯದ ಸುವಾ ಸರೋವರವನ್ನು ಮೇಲಿನ ತಾತೆಯಿಶಿ ಉದ್ಯಾನದಿಂದ ನೋಡಿದರೆ ಆ ದೃಶ್ಯದ ನೆನಪಾಗುತ್ತದೆ ಎಂಬ ಕಾರಣಕ್ಕೆ ಅಭಿಮಾನಿಗಳು ಅಲ್ಲಿಗೂ ಹೋಗುತ್ತಾರೆ, ಆದರೆ ಸುವಾ ಇತೊಮೊರಿಯಲ್ಲ. ಟೋಕಿಯೊದ ಭಾಗ ಮಾತ್ರ ಬಹಳ ನಿಖರ. ಕೊನೆಯ ದೃಶ್ಯದ ಕೆಂಪು ಕಂಬಿಯ ಮೆಟ್ಟಿಲುಗಳು ಯೊತ್ಸುಯಾ ಪ್ರದೇಶದ ಸುಗಾ ದೇಗುಲದ ಬಳಿ ಇದ್ದು, ಮರುನೊಉಚಿ ಮೆಟ್ರೊ ಮಾರ್ಗದ ಯೊತ್ಸುಯಾ ಸಾನ್‌ಚೋಮೆ ನಿಲ್ದಾಣದಿಂದ ಸುಮಾರು ಹತ್ತು ನಿಮಿಷದ ನಡಿಗೆಯಲ್ಲಿ ಸಿಗುತ್ತವೆ. ಅದು ಸದ್ದಿಲ್ಲದ ವಸತಿ ಬೀದಿಯಾದ್ದರಿಂದ ಬೆಳಗಿನ ಹೊತ್ತು ಹೋಗಿ, ಮೆಟ್ಟಿಲನ್ನು ಅಡ್ಡಗಟ್ಟದೆ, ಬೇಗ ಹಿಂದಿರುಗುವುದು ಉಚಿತ.

ಹಿದಾಕ್ಕೆ ಹೋಗುವವರು ನಗೋಯಾದಿಂದ ಹೊರಡುವ ‘ಹಿದಾ’ ಹೆಸರಿನ ವೇಗದೂತ ರೈಲನ್ನು ಹಿಡಿದರೆ ತಕಯಾಮಾ ದಾಟಿ ಹಿದಾ–ಫುರುಕಾವಾ ನಿಲ್ದಾಣವನ್ನು ಹೆಚ್ಚುಕಡಿಮೆ ಎರಡೂವರೆ ಗಂಟೆಯಲ್ಲಿ ತಲುಪಬಹುದು. ತಕಯಾಮಾದಲ್ಲಿ ತಂಗಿದವರಿಗಾದರೆ ಅದು ಕಾಲು ಗಂಟೆಯ ಹಾದಿ. ನಾಯಕ ತಾಕಿ ಬಂದಿಳಿಯುವ ದೃಶ್ಯವನ್ನು ಚಿತ್ರದ ಕೋನದಲ್ಲೇ ನೋಡಬೇಕಾದರೆ ನಿಲ್ದಾಣದ ಪಕ್ಕ ಹಳಿಗಳನ್ನು ದಾಟುವ ಪಾದಚಾರಿ ಮೇಲ್ಸೇತುವೆಯನ್ನೇರಬೇಕು, ಅದೂ ರೈಲು ನಿಂತಿರುವಾಗ. ಈ ಮಾರ್ಗದಲ್ಲಿ ರೈಲುಗಳು ವಿರಳವಾದ್ದರಿಂದ ವೇಳಾಪಟ್ಟಿ ನೋಡದೆ ಹೋದವರಿಗೆ ದೊರೆಯುವುದು ಬರಿದಾದ ಹಳಿಗಳ ಚಿತ್ರ. ತಾಕಿ ಹಳೆಯ ದಾಖಲೆಗಳನ್ನು ತಿರುವಿಹಾಕುವ ಗ್ರಂಥಾಲಯಕ್ಕೆ ಮಾದರಿಯಾದದ್ದು ನಿಲ್ದಾಣಕ್ಕೆ ಹತ್ತಿರದಲ್ಲೇ ಇರುವ ಹಿದಾ ನಗರ ಗ್ರಂಥಾಲಯ. ಅಲ್ಲಿನ ಮೇಜಿನಲ್ಲಿ ಕೇಳಿ ಅನುಮತಿ ಪಡೆದು, ಓದುತ್ತ ಕುಳಿತವರ ಮುಖ ಬೀಳದಂತೆ ಚಿತ್ರ ತೆಗೆದುಕೊಳ್ಳುವ ಕ್ರಮವಿದೆ. ಗ್ರಂಥಾಲಯದಂಥ ಸಾರ್ವಜನಿಕ ಸಂಸ್ಥೆಯೊಂದು ಅಭಿಮಾನಿಗಳನ್ನು ಹೊರಹಾಕದೆ, ಅವರಿಗೆ ಮನಬಂದಂತೆ ನಡೆಯಲೂ ಬಿಡದೆ ನಡುದಾರಿಯೊಂದನ್ನು ಕಂಡುಕೊಂಡಿರುವುದು ಮೆಚ್ಚುವಂಥದ್ದು. ಚಿತ್ರದ ನೆಪ ಮುಗಿದ ಮೇಲೂ ಫುರುಕಾವಾದಲ್ಲಿ ಉಳಿಯಲು ಕಾರಣಗಳಿವೆ: ಬಿಳಿಗೋಡೆಯ ಉಗ್ರಾಣಗಳ ಸಾಲಿನ ಪಕ್ಕ ಹರಿಯುವ ಸೆತೊಗಾವಾ ಕಾಲುವೆಯಲ್ಲಿ ಬಣ್ಣದ ಕಾರ್ಪ್ ಮೀನುಗಳು ಈಜುತ್ತಿರುತ್ತವೆ, ಏಪ್ರಿಲ್ 19 ಮತ್ತು 20ರಂದು ನಡೆಯುವ ಊರ ಹಬ್ಬ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಯಲ್ಲಿ ಸೇರಿದೆ. ಚಳಿಗಾಲದಲ್ಲಿ ಮಾತ್ರ ಮೀನುಗಳನ್ನು ಬೇರೆಡೆಗೆ ಸಾಗಿಸುತ್ತಾರೆ, ಹಿಮವೂ ದಟ್ಟವಾಗಿ ಬೀಳುತ್ತದೆ.

ಟೋಕಿಯೊವನ್ನು ಬಿಟ್ಟು ದೂರ ಹೋಗಲು ಪುರುಸೊತ್ತಿಲ್ಲದವರಿಗೆ ಉತ್ತರದ ನೆರೆಯ ಸಾಯಿತಾಮಾ ಪ್ರಾಂತ್ಯವೊಂದೇ ಸಾಕು. ಅಲ್ಲಿನ ವಾಶಿನೊಮಿಯಾ ದೇಗುಲ ಈ ಯಾತ್ರೆಗಳ ಚರಿತ್ರೆಯಲ್ಲಿ ಒಂದು ತಿರುವು. 2007ರಲ್ಲಿ ಪ್ರಸಾರವಾದ ‘ಲಕ್ಕಿ ಸ್ಟಾರ್’ ಧಾರಾವಾಹಿಯ ಅವಳಿ ಸಹೋದರಿಯರ ಮನೆತನ ಪೂಜಿಸುವ ದೇಗುಲಕ್ಕೆ ಇದು ಮಾದರಿಯಾದದ್ದೇ ತಡ, ಅಭಿಮಾನಿಗಳು ಗುಂಪುಗುಂಪಾಗಿ ಬರತೊಡಗಿದರು. ಸ್ಥಳೀಯ ವರ್ತಕರ ಮಂಡಳಿ ಅವರನ್ನು ಅನುಮಾನದಿಂದ ನೋಡುವ ಬದಲು ಮಾತಿಗೆಳೆದು, ಅವರ ಜೊತೆಗೂಡಿಯೇ ಕಾರ್ಯಕ್ರಮಗಳನ್ನು ರೂಪಿಸಿತು. ಪರಿಣಾಮವಾಗಿ ಹೊಸವರ್ಷದ ಮೊದಲ ದಿನಗಳ ದರ್ಶನಾರ್ಥಿಗಳ ಸಂಖ್ಯೆ 2008ರಲ್ಲಿ ಸುಮಾರು 3 ಲಕ್ಷಕ್ಕೂ 2011ರಲ್ಲಿ ಸುಮಾರು 4 ಲಕ್ಷ 70 ಸಾವಿರಕ್ಕೂ ಏರಿತು, ಊರ ಉತ್ಸವದಲ್ಲಿ ದೇವರ ಪಲ್ಲಕ್ಕಿಯ ಜೊತೆ ಈ ಪಾತ್ರಗಳ ಚಿತ್ರವಿರುವ ಪಲ್ಲಕ್ಕಿಯನ್ನೂ ಹೊತ್ತರು. ಧಾರಾವಾಹಿಯ ಆರಂಭದಲ್ಲಿ ಕಾಣುವ ಮರದ ‘ಟೊರಿಯಿ’, ಅಂದರೆ ದೇಗುಲದ ಮುಂದಿನ ಮಹಾದ್ವಾರ, 2018ರಲ್ಲಿ ಕುಸಿದುಬಿದ್ದುದರಿಂದ ಈಗ ನಿಂತಿರುವುದು ಅನಂತರ ಕಟ್ಟಿದ್ದು. ಇದೇ ಪ್ರಾಂತ್ಯದ ಕಾಸುಕಾಬೆ ನಗರ ಭಾರತದ ಮನೆಗಳಿಗೆ ಟಿವಿಯ ಮೂಲಕ ಪರಿಚಿತನಾದ ಪುಂಡ ಹುಡುಗ ಶಿನ್‌ಚಾನ್‌ನ ಊರು. ಅಲ್ಲಿ ನೋಡುವಂಥ ದೊಡ್ಡ ಸ್ಮಾರಕವೇನೂ ಇಲ್ಲವಾದರೂ, ಮಕ್ಕಳ ಜೊತೆ ಹೋಗುವ ಕುಟುಂಬಗಳಿಗೆ ಅರ್ಧ ದಿನದ ಸುತ್ತಾಟಕ್ಕೆ ಸಾಕು.

ಸಾಯಿತಾಮಾದ ಪಶ್ಚಿಮ ಅಂಚಿನ ಚಿಚಿಬು ಕಣಿವೆಯಲ್ಲಿ ಹಳೆಯ ಯಾತ್ರೆಯೂ ಹೊಸ ಯಾತ್ರೆಯೂ ಒಂದೇ ಅಂಗಳದಲ್ಲಿ ಸಂಧಿಸುತ್ತವೆ. ಕರುಣೆಯ ಬೋಧಿಸತ್ವನಾದ ಕಾನ್ನೊನ್‌ಗೆ ಮೀಸಲಾದ 34 ಮಂದಿರಗಳ ಯಾತ್ರೆ ಇಲ್ಲಿ ಶತಮಾನಗಳಿಂದ ನಡೆದುಬಂದಿದ್ದು, ಅದರ 17ನೆಯ ಮಂದಿರವಾದ ಜೋರಿನ್‌ಜಿಯ ಅಂಗಳದಲ್ಲೇ 2011ರ ‘ಅನೊಹಾನಾ’ ಧಾರಾವಾಹಿಯ ಗೆಳೆಯರು ಕೂಡುತ್ತಾರೆ. ಸತ್ತುಹೋದ ಬಾಲ್ಯದ ಗೆಳತಿಯೊಬ್ಬಳ ನೆನಪನ್ನು ಕುರಿತ ಕಥೆ ಮಂದಿರದ ಆವರಣಕ್ಕೆ ಸಹಜವಾಗಿಯೇ ಒಗ್ಗುತ್ತದೆ. ನದಿಯ ಮೇಲಿನ ಹಳೆಯ ಚಿಚಿಬು ಸೇತುವೆ ಅದೇ ಧಾರಾವಾಹಿಯ ಇನ್ನೊಂದು ಮುಖ್ಯ ತಾಣ. ಟೋಕಿಯೊದ ಇಕೆಬುಕುರೊದಿಂದ ಸೆಯಿಬು ರೈಲಿನಲ್ಲಿ ಸುಮಾರು 80 ನಿಮಿಷದ ಪ್ರಯಾಣ.

ಪೆಸಿಫಿಕ್ ಕರಾವಳಿಯ ಓಅರಾಯಿ ಎಂಬ ಮೀನುಗಾರಿಕೆಯ ಊರಿನದು ಬೇರೆಯೇ ಕಥೆ. 2011ರ ಮಾರ್ಚ್ 11ರ ಸುನಾಮಿ ಅಪ್ಪಳಿಸಿದ ಊರುಗಳಲ್ಲಿ ಇದೂ ಒಂದು. ಮರುವರ್ಷ ಪ್ರಸಾರವಾದ ‘ಗರ್ಲ್ಸ್ ಉಂಡ್ ಪಾಂಜರ್’ ಧಾರಾವಾಹಿಯಲ್ಲಿ ಶಾಲಾ ಹುಡುಗಿಯರು ಹಳೆಯ ಯುದ್ಧ ಟ್ಯಾಂಕುಗಳನ್ನು ಕ್ರೀಡೆಯಾಗಿ ಓಡಿಸುತ್ತಾರೆ, ಆ ಟ್ಯಾಂಕುಗಳು ಓಅರಾಯಿಯ ಪೇಟೆಬೀದಿಯಲ್ಲೇ ಕಾದಾಡಿ ವಸತಿಗೃಹವೊಂದರ ಮುಂಭಾಗಕ್ಕೆ ನುಗ್ಗುತ್ತವೆ. ಕೇಳಿದರೆ ಅಸಂಬದ್ಧವೆನಿಸುವ ಈ ಕಥೆಯನ್ನು ಊರಿನವರು ತಮ್ಮದಾಗಿಸಿಕೊಂಡ ಬಗೆ ಅಪರೂಪದ್ದು: ತರಕಾರಿ ಅಂಗಡಿ, ಮಿಠಾಯಿ ಅಂಗಡಿ, ಔಷಧದ ಅಂಗಡಿಗಳ ಬಾಗಿಲಲ್ಲಿ ಒಂದೊಂದು ಪಾತ್ರದ ಆಳೆತ್ತರದ ಫಲಕ ನಿಂತಿದ್ದು, ಆ ಪಾತ್ರವನ್ನು ಮೆಚ್ಚಿದವರು ಆ ಅಂಗಡಿಗೇ ಹೋಗುವುದು, ಅಂಗಡಿಯವರು ಅವರನ್ನು ಮುಖಪರಿಚಯದ ಗಿರಾಕಿಗಳಂತೆ ಮಾತನಾಡಿಸುವುದು ಇಲ್ಲಿನ ರೂಢಿ. ನವೆಂಬರಿನಲ್ಲಿ ಆಂಕೊ ಎಂಬ ಆಳಸಮುದ್ರದ ಮೀನಿನ ಹೆಸರಿನಲ್ಲಿ ನಡೆಯುವ ಊರಹಬ್ಬಕ್ಕೆ ಅಭಿಮಾನಿಗಳು ಕಿಕ್ಕಿರಿದು ಬರುವುದರಿಂದ, ಆ ದಿನಗಳಲ್ಲಿ ಊರೊಳಗೆ ಕೋಣೆ ಸಿಗುವುದನ್ನು ನಂಬಿಕೊಳ್ಳದೆ ಮಿತೊ ನಗರದಲ್ಲಿ ತಂಗುವುದು ಸುಲಭ. ಟೋಕಿಯೊದ ಉಎನೊದಿಂದ ಮಿತೊಗೆ ಒಂದು ಗಂಟೆಗಿಂತ ತುಸು ಹೆಚ್ಚಿನ ವೇಗದೂತ ಪ್ರಯಾಣ, ಅಲ್ಲಿಂದ ಸಣ್ಣ ಕಾಶಿಮಾ ರಿಂಕಾಯಿ ರೈಲಿನಲ್ಲಿ ಕಾಲು ಗಂಟೆ. ಒಂದೇ ಸ್ಥಳಕ್ಕೆ ಹೋಗಲು ಸಾಧ್ಯವಿರುವವರು ಧಾರಾವಾಹಿಯನ್ನು ನೋಡಿರದಿದ್ದರೂ ಓಅರಾಯಿಯನ್ನು ಆರಿಸಿಕೊಳ್ಳಬಹುದು, ಏಕೆಂದರೆ ಕಥಾಸ್ಥಳವೊಂದರ ಸೊಗಸು ಚಿತ್ರದ ಕೀರ್ತಿಗಿಂತ ಹೆಚ್ಚಾಗಿ ಅತಿಥಿಗಳನ್ನು ಬರಮಾಡಿಕೊಳ್ಳಲು ಊರು ಎಷ್ಟು ಸಿದ್ಧವಾಗಿದೆ ಎಂಬುದನ್ನು ಅವಲಂಬಿಸಿದೆ.

ಅದಕ್ಕೆ ಪ್ರತಿಯಾದ ನಿದರ್ಶನ ಕಾಮಾಕುರಾದ್ದು. ಬಾಸ್ಕೆಟ್‌ಬಾಲ್ ಆಟದ ಕಥೆಯಾದ ‘ಸ್ಲ್ಯಾಮ್ ಡಂಕ್’ 1993ರಲ್ಲಿ ಧಾರಾವಾಹಿಯಾಗಿ ಬಂದಾಗ ಅದರ ಆರಂಭಿಕ ದೃಶ್ಯದಲ್ಲಿ, ಕಡಲಿಗೆ ಎದುರಾದ ರೈಲ್ವೆ ಗೇಟಿನ ಮುಂದೆ ಎನೊದೆನ್ ಎಂಬ ಹಸಿರು ಪುಟ್ಟ ರೈಲು ಹಾದುಹೋಗುತ್ತಿತ್ತು. ಕಾಮಾಕುರಾ ಕೋಕೊ–ಮಾಎ ನಿಲ್ದಾಣದ ಪಕ್ಕದ ಆ ಗೇಟು ಏಷ್ಯಾದ ಹಲವು ದೇಶಗಳ ಒಂದಿಡೀ ತಲೆಮಾರಿಗೆ ಪರಿಚಿತ. 2022ರ ಡಿಸೆಂಬರಿನಲ್ಲಿ ಅದೇ ಕಥೆಯ ಹೊಸ ಚಲನಚಿತ್ರ ಬಂದ ಮೇಲಂತೂ ಜನ ರಸ್ತೆಯ ನಡುವೆ ನಿಂತು ಚಿತ್ರ ತೆಗೆಯುವುದು, ಖಾಸಗಿ ಆವರಣಕ್ಕೆ ನುಗ್ಗುವುದು, ಕಸ ಎಸೆಯುವುದು ಎಲ್ಲೆ ಮೀರಿ, ನಗರಾಡಳಿತ ಕಾವಲುಗಾರರನ್ನು ನಿಲ್ಲಿಸಬೇಕಾಯಿತು. ಫುಜಿಸಾವಾದಿಂದ ಕಾಮಾಕುರಾವರೆಗಿನ 10 ಕಿಲೋಮೀಟರಿನ ಈ ಮಾರ್ಗ ಒಂಟಿಹಳಿಯದು, ಊರಿನವರ ದಿನನಿತ್ಯದ ಓಡಾಟಕ್ಕೂ ಅದೇ ಆಧಾರ. ಇಷ್ಟಾದರೂ ನೋಡಲೇಬೇಕೆನ್ನುವವರು ವಾರದ ನಡುದಿನ ಬೆಳಿಗ್ಗೆ ಬೇಗನೆ ಹೋಗಿ, ಕಾವಲುಗಾರರು ತೋರಿಸಿದ ಜಾಗದಲ್ಲೇ ನಿಂತು, ಒಂದೆರಡು ರೈಲು ಹಾದುಹೋದ ಮೇಲೆ ಜಾಗ ಬಿಟ್ಟುಕೊಡುವುದು ಒಳ್ಳೆಯದು. ಗುಡ್ಡದ ಮೇಲಿನ ಪ್ರೌಢಶಾಲೆ ಕಥೆಯ ಶಾಲೆಯೊಂದಕ್ಕೆ ಮಾದರಿಯಾದರೂ ಪಾಠ ನಡೆಯುವ ಶಾಲೆಯಾದ್ದರಿಂದ ಗೇಟಿನೊಳಗೆ ಕಾಲಿಡುವಂತಿಲ್ಲ.

ಶಾಲೆಯೊಂದನ್ನು ಒಳಹೊಕ್ಕು ನೋಡುವ ಆಸೆಯಿದ್ದವರಿಗೆ ಶಿಗಾ ಪ್ರಾಂತ್ಯದ ತೊಯೊಸಾತೊ ಹೇಳಿಮಾಡಿಸಿದಂತಿದೆ. 1937ರಲ್ಲಿ ವಿಲಿಯಂ ಮೆರೆಲ್ ವೋರಿಸ್ ಅವರ ವಿನ್ಯಾಸದಲ್ಲಿ ಕಟ್ಟಿದ ಇಲ್ಲಿನ ಹಳೆಯ ಪ್ರಾಥಮಿಕ ಶಾಲೆಯನ್ನು ಕೆಡವುವ ಪ್ರಸ್ತಾಪ ಈ ಶತಮಾನದ ಆರಂಭದಲ್ಲಿ ಬಂದಾಗ ಊರಿನವರು ನ್ಯಾಯಾಲಯದ ಮೆಟ್ಟಿಲೇರಿ ಉಳಿಸಿಕೊಂಡರು, 2009ರ ‘ಕೆ–ಆನ್!’ ಧಾರಾವಾಹಿಯಲ್ಲಿ ಸಂಗೀತ ಕೂಟದ ಹುಡುಗಿಯರು ಓದುವ ಶಾಲೆಯಾಗಿ ಕಾಣಿಸಿಕೊಂಡದ್ದು ಅದೇ ಕಟ್ಟಡ. ಮೆಟ್ಟಿಲ ಕೈಹಿಡಿಯ ಮೇಲೆ ಆಮೆ ಮತ್ತು ಮೊಲದ ಓಟದ ಕಥೆಯನ್ನು ಹೇಳುವ ಪುಟ್ಟ ಕಂಚಿನ ಪ್ರತಿಮೆಗಳು ತೆರೆಯ ಮೇಲಿದ್ದಂತೆಯೇ ಇವೆ, ಪ್ರವೇಶಕ್ಕೆ ಶುಲ್ಕವಿಲ್ಲ. ಹಿಕೊನೆ ನಗರದಿಂದ ಓಮಿ ರೈಲಿನಲ್ಲಿ ಹೋಗಬೇಕು. ಅದೇ ಪಯಣದಲ್ಲಿ ಕ್ಯೋಟೊದ ದಕ್ಷಿಣಕ್ಕಿರುವ ಉಜಿಯನ್ನೂ ಸೇರಿಸಿಕೊಳ್ಳಬಹುದು; 2015ರ ‘ಹಿಬಿಕೆ! ಯೂಫೋನಿಯಂ’ನಲ್ಲಿ ಬರುವ ಉಜಿ ಸೇತುವೆ, ನದಿದಂಡೆ, ಉಜಿಗಾಮಿ ದೇಗುಲದ ಹಿಂದಿನ ದಾಯಿಕಿಚಿಯಾಮಾ ಗುಡ್ಡದ ವೀಕ್ಷಣಾ ತಾಣಗಳು ಕಾಲ್ನಡಿಗೆಯ ಅಂತರದಲ್ಲಿವೆ. ಸಾವಿರ ವರ್ಷದ ಹಿಂದಿನ ‘ಗೆಂಜಿಯ ಕಥೆ’ಯ ಕೊನೆಯ ಹತ್ತು ಅಧ್ಯಾಯಗಳು ನಡೆಯುವುದೂ ಈ ನದಿಯ ದಂಡೆಯಲ್ಲೇ ಆದ್ದರಿಂದ, ಆ ಕಥೆಯ ಗುರುತುಕಲ್ಲುಗಳೂ ದಾರಿಯುದ್ದಕ್ಕೂ ಸಿಗುತ್ತವೆ.

ಇನ್ನು ಸಿದ್ಧತೆಯ ಮಾತು. ಭಾರತೀಯ ಪ್ರವಾಸಿಗರಿಗೆ ಜಪಾನಿನ ವೀಸಾ ಕಡ್ಡಾಯ. ಬೆಂಗಳೂರಿನಿಂದ ಟೋಕಿಯೊದ ನರಿತಾ ವಿಮಾನ ನಿಲ್ದಾಣಕ್ಕೆ ನೇರ ವಿಮಾನವಿರುವುದು ಕರ್ನಾಟಕದವರಿಗೊಂದು ಅನುಕೂಲ. ಜಪಾನ್ ರೈಲ್ವೆ ಸಮೂಹದ, ದೇಶವಿಡೀ ನಡೆಯುವ ಪಾಸಿನ ಏಳು ದಿನದ ದರವನ್ನು 2023ರ ಅಕ್ಟೋಬರಿನಲ್ಲಿ 29,650 ಯೆನ್‌ನಿಂದ 50,000 ಯೆನ್‌ಗೆ ಏರಿಸಲಾಯಿತು. ಮೇಲೆ ಹೇಳಿದ ಊರುಗಳಲ್ಲಿ ಹೆಚ್ಚಿನವು ತೊಬು, ಸೆಯಿಬು, ಎನೊದೆನ್, ಓಮಿ ಮುಂತಾದ ಖಾಸಗಿ ಕಂಪನಿಗಳ ಹಳಿಗಳ ಮೇಲಿದ್ದು ಅಲ್ಲಿ ಈ ಪಾಸು ನಡೆಯದಿರುವುದರಿಂದ, ಬಿಡಿ ಟಿಕೆಟುಗಳ ಮೊತ್ತವನ್ನು ಲೆಕ್ಕಹಾಕದೆ ಪಾಸು ಕೊಳ್ಳಬಾರದು. ನಗರಗಳಲ್ಲಿ ಸುಯಿಕಾದಂಥ ಮುಂಗಡ ಹಣ ತುಂಬಿದ ಕಾರ್ಡು ಸಾಕಾದರೂ, ಹಳ್ಳಿಗಾಡಿನ ಸಣ್ಣ ರೈಲುಗಳಲ್ಲೂ ಬಸ್ಸುಗಳಲ್ಲೂ ಚಿಲ್ಲರೆ ಹಣವೇ ಬೇಕಾಗಬಹುದು. ಸಂಗ್ರಹಾಲಯ, ಉದ್ಯಾನಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ. ಶಿಂಕಾಯಿ ಅವರ 2013ರ ‘ದ ಗಾರ್ಡನ್ ಆಫ್ ವರ್ಡ್ಸ್’ ನಡೆಯುವ ಶಿಂಜುಕು ಗ್ಯೋಎನ್ ಉದ್ಯಾನಕ್ಕೂ ಇದು ಅನ್ವಯಿಸುತ್ತದೆ. ಆ ಚಿತ್ರದ ನಾಯಕಿ ಮಳೆಯಲ್ಲಿ ಕುಳಿತು ಬಿಯರ್ ಕುಡಿಯುತ್ತಾಳಾದರೂ ಉದ್ಯಾನದಲ್ಲಿ ಮದ್ಯ ನಿಷಿದ್ಧ ಎಂಬುದನ್ನು ನೆನಪಿಟ್ಟಿರಬೇಕು. ಸಸ್ಯಾಹಾರಿಗಳು ಮಾಂಸವಿಲ್ಲ ಎಂಬಷ್ಟಕ್ಕೆ ಸಮಾಧಾನಪಡದೆ, ಸಾರು, ನೂಡಲ್ಸ್, ಬೇಯಿಸಿದ ತರಕಾರಿಗಳಲ್ಲೂ ಒಣಮೀನಿನಿಂದ ಇಳಿಸಿದ ‘ದಾಶಿ’ ಎಂಬ ತಿಳಿ ಬೆರೆತಿರುತ್ತದೆಯೆಂದು ಅರಿತು, ತಮ್ಮ ಕಟ್ಟುಪಾಡನ್ನು ಜಪಾನೀ ಭಾಷೆಯಲ್ಲಿ ಬರೆಸಿದ ಚೀಟಿಯೊಂದನ್ನು ಇಟ್ಟುಕೊಳ್ಳುವುದು ಮೇಲು. ಸಣ್ಣ ಊರುಗಳಲ್ಲಿ ತಡವಾಗಿ ಊಟ ಸಿಗುವುದೂ ಕಷ್ಟ. ಸ್ಥಳ ಈಗಲೂ ಇದೆಯೇ ಎಂದು ನೋಡಿಕೊಳ್ಳುವುದೂ ಅಗತ್ಯ: 2019ರ ‘ವೆದರಿಂಗ್ ವಿತ್ ಯು’ ಚಿತ್ರದ ಪಾಳುಕಟ್ಟಡಕ್ಕೆ ಮಾದರಿಯಾದ ಯೊಯೊಗಿಯ ಕಟ್ಟಡವನ್ನು ಚಿತ್ರ ಬಿಡುಗಡೆಯಾದ ವರ್ಷವೇ ಕೆಡವತೊಡಗಿದರು.

ತೆರೆಯ ದೃಶ್ಯವನ್ನೂ ಕಣ್ಣೆದುರಿನ ಸ್ಥಳವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ಈ ಯಾತ್ರೆಯ ಮುಖ್ಯ ಸುಖವಾದ್ದರಿಂದ, ಬೇಕಾದ ದೃಶ್ಯಗಳನ್ನು ಊರಲ್ಲೇ ಗುರುತಿಸಿ ಫೋನಿನಲ್ಲಿ ಇಟ್ಟುಕೊಂಡು, ಗೂಗಲ್‌ನ ಬೀದಿನೋಟದಲ್ಲಿ ನಿಲ್ಲಬೇಕಾದ ಜಾಗವನ್ನು ಮೊದಲೇ ಕಂಡುಕೊಂಡರೆ, ಅಪರಿಚಿತರ ಮನೆಯ ಮುಂದೆ ಹುಡುಕಾಡುತ್ತ ಅಲೆಯುವುದು ತಪ್ಪುತ್ತದೆ. ಅನುಮತಿಯಿಲ್ಲದೆ ಜನರ ಮುಖ, ಅದರಲ್ಲೂ ಶಾಲಾ ಸಮವಸ್ತ್ರದ ಮಕ್ಕಳನ್ನು ಸೆರೆಹಿಡಿಯಬಾರದು. ಜನನಿಬಿಡ ಪ್ರದೇಶಗಳಲ್ಲಿ ಡ್ರೋನ್ ಹಾರಿಸಲು ಕಾನೂನಿನ ಅನುಮತಿ ಬೇಕು. ದೇಗುಲಗಳಲ್ಲಿ ಕೈಬಾಯಿ ತೊಳೆದು, ಎರಡು ಬಾರಿ ಬಾಗಿ, ಎರಡು ಬಾರಿ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುವುದು ಷಿಂಟೊ ಪದ್ಧತಿ. ಬೌದ್ಧ ಮಂದಿರದಲ್ಲಿ ಚಪ್ಪಾಳೆಯಿಲ್ಲ, ಸುಮ್ಮನೆ ಕೈಮುಗಿಯಬೇಕು. ಹರಕೆ ಬರೆದು ತೂಗುಹಾಕುವ ‘ಏಮಾ’ ಎಂಬ ಮರದ ಹಲಗೆಗಳ ಮೇಲೆ ಅಭಿಮಾನಿಗಳು ಪಾತ್ರಗಳ ಚಿತ್ರ ಬಿಡಿಸುವ ರೂಢಿ ವಾಶಿನೊಮಿಯಾದಲ್ಲಿ ಗಟ್ಟಿಯಾಗಿ ಬೇರೂರಿದೆ, ಅವನ್ನು ಕನ್ನಡದಲ್ಲಿ ಬರೆಯಲೂ ಯಾವ ಅಡ್ಡಿಯಿಲ್ಲ. ಬೀದಿಯಲ್ಲಿ ಕಸದ ಬುಟ್ಟಿಗಳು ಅಪರೂಪವಾದ್ದರಿಂದ ಚೀಲವೊಂದನ್ನು ಜೊತೆಗೊಯ್ಯಬೇಕು. ಹಿಂದಿರುಗಿದ ಮೇಲೆ ಚಿತ್ರಗಳನ್ನು ಜಾಲತಾಣಗಳಲ್ಲಿ ಹಂಚಿಕೊಳ್ಳುವವರು ನಿಲ್ದಾಣ, ಸೇತುವೆ, ದೇಗುಲಗಳ ಹೆಸರನ್ನು ಧಾರಾಳವಾಗಿ ಕೊಡಬಹುದು, ಆದರೆ ಕಥೆಗೆ ಮಾದರಿಯಾದ ವಾಸದ ಮನೆಯೊಂದರ ವಿಳಾಸವನ್ನು ಮಾತ್ರ ಬರೆಯಕೂಡದು.